ಮಹಾಕವಿ ಭಾರತಿಯಾರ್ ಮತ್ತು ದೇವಾಲಯದ ಆನೆ

ಮಹಾಕವಿ ಸುಬ್ರಹ್ಮಣ್ಯ ಭಾರತಿಯವರ ಹೆಸರನ್ನು ಕೇಳದವರು ನಮ್ಮ ಸೀಮೆಯಲ್ಲಿ ಇಲ್ಲವೆಂದೇ ಹೇಳಬೇಕು. ಬಿಳಿಯ ಮುಂಡಾಸು, ಕಪ್ಪು ಕೋಟು, ತಿರುಚಿದ ಮೀಸೆ, ನೇರವಾಗಿ ನಮ್ಮನ್ನೇ ನೋಡುವ ಕಣ್ಣುಗಳು - ಈ ಚಿತ್ರವನ್ನು ತಮಿಳುನಾಡಿನ ಯಾವ ಊರಿಗೆ ಹೋದರೂ ಕಾಣುತ್ತೇವೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ನಮ್ಮಂಥವರಿಗೆ ಅವರು ನೆರೆಮನೆಯ ಹಿರಿಯರಂತೆ. ಅವರು ಹೇಗೆ ತೀರಿಕೊಂಡರು ಎಂದು ಕೇಳಿ ನೋಡಿ. "ದೇವಸ್ಥಾನದ ಆನೆ ತುಳಿದು ಸತ್ತರು" ಎಂಬ ಉತ್ತರವೇ ಬಹುಮಂದಿಯ ಬಾಯಲ್ಲಿ ಬರುತ್ತದೆ. ಈ ಮಾತಿನಲ್ಲಿ ಎಷ್ಟು ನಿಜವಿದೆ, ಎಷ್ಟು ಕಥೆ ಸೇರಿಕೊಂಡಿದೆ ಎಂಬುದನ್ನು ತಿಳಿಯುವುದೇ ಈ ಲೇಖನದ ಉದ್ದೇಶ. ಇದಕ್ಕೆ ಮುಖ್ಯ ಸಾಕ್ಷ್ಯ ನಮ್ಮ ಹಳೆಯ ಕೊಯಮತ್ತೂರು ಜಿಲ್ಲೆಯಲ್ಲಿಯೇ ದೊರೆಯುತ್ತದೆ ಎಂಬುದು ನಮಗೆ ಸಂತೋಷದ ಸಂಗತಿ.

ಭಾರತಿಯವರು ಹುಟ್ಟಿದ್ದು 1882ರ ಡಿಸೆಂಬರ್ 11ರಂದು, ಎಟ್ಟಯಪುರದಲ್ಲಿ. 1904ರಲ್ಲಿ ಮದರಾಸಿಗೆ ಬಂದು 'ಸ್ವದೇಶಮಿತ್ರನ್' ಪತ್ರಿಕೆಯನ್ನು ಸೇರಿದರು. ಆಮೇಲೆ 'ಇಂಡಿಯಾ' ಎಂಬ ವಾರಪತ್ರಿಕೆಯಲ್ಲಿ ಕೆಚ್ಚಿನ ಲೇಖನಗಳನ್ನು ಬರೆದರು. ಆ ಪತ್ರಿಕೆಗೆ ಬೆನ್ನೆಲುಬಾಗಿ ನಿಂತವರು ಮಂಡಯಂ ಮನೆತನದವರು. ಈ ಮನೆತನದ ಮೂಲ ನಮ್ಮ ಮಂಡ್ಯ, ಮೇಲುಕೋಟೆಗಳ ಕಡೆಯದು. 1908ರಲ್ಲಿ ಬ್ರಿಟಿಷ್ ಸರ್ಕಾರದ ಕಣ್ಣು ಪತ್ರಿಕೆಯ ಮೇಲೆ ಬಿದ್ದಾಗ ಭಾರತಿಯವರು ಫ್ರೆಂಚರ ಆಡಳಿತದಲ್ಲಿದ್ದ ಪಾಂಡಿಚೇರಿಗೆ ಹೋದರು. ಅಲ್ಲಿ ಹತ್ತು ವರ್ಷ ಬಡತನದಲ್ಲಿಯೇ ಕಳೆದರು. ಅವರ ಶ್ರೇಷ್ಠ ಕಾವ್ಯಗಳು ಹುಟ್ಟಿದ್ದು ಅಲ್ಲಿಯೇ. 1918ರ ನವೆಂಬರಿನಲ್ಲಿ ಗಡಿ ದಾಟಿ ಬಂದೊಡನೆ ಅವರನ್ನು ಬಂಧಿಸಿ ಕಡಲೂರಿನ ಸೆರೆಮನೆಯಲ್ಲಿ ಇಟ್ಟರು. ಬಿಡುಗಡೆಯಾದ ಮೇಲೆ ಮಡದಿಯ ಊರಾದ ಕಡೆಯದಲ್ಲಿ ಇದ್ದು, 1920ರ ಕೊನೆಯಲ್ಲಿ ಮದರಾಸಿಗೆ ಮರಳಿ, ಮತ್ತೆ 'ಸ್ವದೇಶಮಿತ್ರನ್' ಪತ್ರಿಕೆಯ ಕೆಲಸಕ್ಕೆ ನಿಂತರು.

ಆಗ ಅವರ ಮನೆ ತಿರುವಲ್ಲಿಕ್ಕೇಣಿಯಲ್ಲಿತ್ತು. ಹತ್ತಿರದಲ್ಲೇ ಪಾರ್ಥಸಾರಥಿ ದೇವಾಲಯ. ದೇವಾಲಯದ ಆನೆಗೆ ಬಾಳೆಹಣ್ಣು, ತೆಂಗಿನಕಾಯಿ ತಿನ್ನಿಸಿ ಅದರ ಸೊಂಡಿಲು ಸವರುವುದು ಕವಿಗಳಿಗೆ ವಾಡಿಕೆಯಾಗಿತ್ತು. ಪ್ರಾಣಿಪಕ್ಷಿಗಳೆಲ್ಲ ತಮ್ಮ ಬಳಗವೇ ಎಂದು ಹಾಡಿದ ಕವಿ ಅವರು. ಒಂದು ದಿನ ಆನೆಗೆ ಮದವೇರಿತ್ತು. ಅದರ ಕಾಲುಗಳಿಗೆ ಸರಪಳಿ ಬಿಗಿದು ಕಟ್ಟಿದ್ದರು. ಭಾರತಿಯವರು ಎಂದಿನಂತೆ ಹತ್ತಿರ ಹೋಗಿ ಹಣ್ಣು ನೀಡಿದರು. ಆನೆ ಸೊಂಡಿಲಿನಿಂದ ಅವರನ್ನು ಕೆಡವಿಬಿಟ್ಟಿತು. ಅವರು ಅದರ ಕಾಲುಗಳ ನಡುವೆಯೇ ಪ್ರಜ್ಞೆತಪ್ಪಿ ಬಿದ್ದರು. ನೆರೆದವರು ದಿಕ್ಕುಗಾಣದೆ ನಿಂತಿದ್ದಾಗ ಕುವಳೈ ಕೃಷ್ಣಮಾಚಾರಿ ಎಂಬ ಗೆಳೆಯರು ಪ್ರಾಣದ ಹಂಗು ತೊರೆದು ಒಳಗೆ ನುಗ್ಗಿ, ಕವಿಯನ್ನು ಎತ್ತಿಕೊಂಡು ಹೊರಗೆ ತಂದರು. ಮಂಡಯಂ ಶ್ರೀನಿವಾಸಾಚಾರಿ ಮೊದಲಾದ ಮಿತ್ರರು ಅವರನ್ನು ರಾಯಪೇಟೆಯ ಆಸ್ಪತ್ರೆಗೆ ಕರೆದೊಯ್ದರು. ಮುಖಕ್ಕೂ ಮೈಗೂ ಪೆಟ್ಟಾಗಿತ್ತು. ದಪ್ಪ ಮುಂಡಾಸು ಇದ್ದುದರಿಂದ ತಲೆ ಉಳಿಯಿತು ಎಂದು ಆಪ್ತರು ನೆನೆಯುತ್ತಿದ್ದರು. ಎಚ್ಚರವಾದ ಮೇಲೆ ಕವಿಗಳು ಆನೆಯನ್ನು ಬೈಯಲಿಲ್ಲವಂತೆ. ಅದಕ್ಕೆ ನನ್ನ ಮೇಲೆ ಪ್ರೀತಿ ಇಲ್ಲದಿದ್ದರೆ ನನ್ನನ್ನು ಉಳಿಸುತ್ತಿತ್ತೇ ಎಂಬ ಅರ್ಥದ ಮಾತನ್ನೇ ಆಡಿದರಂತೆ.

ಸಾಕಿದ ಆನೆ, ದಿನವೂ ತಿನ್ನಿಸುವವರನ್ನೇ ಏಕೆ ಕೆಡವಿತು? ವಿಜ್ಞಾನವು ಇದಕ್ಕೆ ಕಾರಣ ಹೇಳುತ್ತದೆ. ಬೆಳೆದ ಗಂಡಾನೆಗೆ ಆಗಾಗ ಮದ ಬರುತ್ತದೆ. ಕಣ್ಣು ಮತ್ತು ಕಿವಿಯ ನಡುವೆ ಇರುವ ಗ್ರಂಥಿಯಿಂದ ಎಣ್ಣೆಯಂಥ ದ್ರವ ಒಸರಿ ಕೆನ್ನೆಯ ಮೇಲೆ ಇಳಿಯುತ್ತದೆ. ನಮ್ಮ ಹಳೆಯ ಕಾವ್ಯಗಳಲ್ಲಿ ಬರುವ 'ಮದಜಲ' ಇದೇ. ಆ ದಿನಗಳಲ್ಲಿ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನು ಅನೇಕ ಪಟ್ಟು ಏರುತ್ತದೆ. ಆನೆ ಸಿಡುಕುತ್ತದೆ, ಮೇವನ್ನು ಸರಿಯಾಗಿ ಮುಟ್ಟುವುದಿಲ್ಲ, ಸಾಕಿದ ಮಾವುತನ ಮಾತನ್ನೂ ಕೇಳುವುದಿಲ್ಲ. ಈ ಸ್ಥಿತಿ ಕೆಲವು ವಾರಗಳಿಂದ ಕೆಲವು ತಿಂಗಳವರೆಗೂ ಇರಬಹುದು. ಆದ್ದರಿಂದಲೇ ಅನುಭವಸ್ಥರು ಅದನ್ನು ದೂರದಲ್ಲಿ ಕಟ್ಟಿ, ಮೇವು ನೀರನ್ನೂ ದೂರದಿಂದಲೇ ಒದಗಿಸುತ್ತಾರೆ. ಇಲ್ಲಿ ದ್ವೇಷವೂ ಇಲ್ಲ, ದೈವದ ಕೋಪವೂ ಇಲ್ಲ. ಇರುವುದು ದೇಹದ ಧರ್ಮ ಮಾತ್ರ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಆ ಪೆಟ್ಟಿನಿಂದಲೇ ಕವಿಗಳು ತೀರಿಕೊಂಡರೇ? ಇಲ್ಲ. ಗಾಯ ಮಾಯಿತು. ಅವರು ಪತ್ರಿಕಾ ಕಚೇರಿಗೆ ಹೋಗತೊಡಗಿದರು, ಬರೆಯತೊಡಗಿದರು. ಅಷ್ಟೇ ಅಲ್ಲ, ಮದರಾಸಿನಿಂದ ಸುಮಾರು 400 ಕಿಲೋಮೀಟರ್ ರೈಲು ಪ್ರಯಾಣ ಮಾಡಿ ಈರೋಡಿಗೂ ಬಂದರು.

ಇಲ್ಲಿ ಒಂದು ಮಾತು ವಿವರಿಸಬೇಕು. ಇಂದು ಕೊಯಮತ್ತೂರು, ತಿರುಪ್ಪೂರು, ಈರೋಡು ಬೇರೆ ಬೇರೆ ಜಿಲ್ಲೆಗಳು. 1921ರಲ್ಲಿ ಇವೆಲ್ಲ ಒಂದೇ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಕನ್ನಡದ ಕೊಳ್ಳೇಗಾಲವೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಇದೇ ಜಿಲ್ಲೆಯ ತಾಲ್ಲೂಕು. ಈರೋಡು 1979ರಲ್ಲಿ ಪೆರಿಯಾರ್ ಜಿಲ್ಲೆಯೆಂಬ ಹೆಸರಿನಲ್ಲಿ ಬೇರೆಯಾಯಿತು. ತಿರುಪ್ಪೂರು ಜಿಲ್ಲೆ 2009ರಲ್ಲಿ ರಚನೆಯಾಯಿತು. ಹೀಗೆ ಅಂದು ಕವಿಗಳು ಕಾಲಿಟ್ಟ ಜಿಲ್ಲೆಯಲ್ಲಿ ತಮಿಳರೂ ಇದ್ದರು, ಮಗ್ಗದ ಮುಂದೆ ಕುಳಿತು ಕನ್ನಡ ಆಡುವ ದೇವಾಂಗದವರೂ ಇದ್ದರು, ಹೊಲ ಉಳುವ ಕನ್ನಡದ ಒಕ್ಕಲಿಗರೂ ಇದ್ದರು.

ಈರೋಡಿನ ಕರುಂಗಲ್‌ಪಾಳಯದಲ್ಲಿ ಒಂದು ವಾಚನಾಲಯವಿತ್ತು. ಅದರ ಉತ್ಸವಕ್ಕೆ ಭಾರತಿಯವರನ್ನು ಕರೆಸಿದವರು ಅಲ್ಲಿನ ವಕೀಲರಾದ ತಂಗಪೆರುಮಾಳ್ ಪಿಳ್ಳೆಯವರು. 1921ರ ಜುಲೈ ಕೊನೆಗೆ ಕವಿಗಳು ಅಲ್ಲಿ 'ಮನುಷ್ಯನಿಗೆ ಸಾವಿಲ್ಲ' ಎಂಬ ವಿಷಯವಾಗಿ ಭಾಷಣ ಮಾಡಿದರು. ಮರುದಿನ ಭಾರತದ ಮುಂದಿನ ಸ್ಥಿತಿಯನ್ನು ಕುರಿತು ಮಾತನಾಡಿದರು. ಅವರ ಬಾಳಿನ ಕೊನೆಯ ಸಾರ್ವಜನಿಕ ಭಾಷಣಗಳ ಸಾಲಿಗೆ ಇವು ಸೇರುತ್ತವೆ. ಊರಿಗೆ ಮರಳಿದ ಮೇಲೆ ಈ ಪ್ರವಾಸವನ್ನು ಕುರಿತು ಅವರೇ ಒಂದು ಲೇಖನ ಬರೆದರು. ಅದು 1921ರ ಆಗಸ್ಟಿನಲ್ಲಿ 'ಸ್ವದೇಶಮಿತ್ರನ್' ಪತ್ರಿಕೆಯಲ್ಲಿ ಅಚ್ಚಾಯಿತು. ರೈಲು ನಿಲ್ದಾಣದಿಂದ ತಮ್ಮನ್ನು ಹೊತ್ತೊಯ್ದ ಪುಟ್ಟ ಗಾಡಿಯನ್ನೂ ಪುಟ್ಟ ಎತ್ತನ್ನೂ ಅದರಲ್ಲಿ ಅವರು ನಗುನಗುತ್ತ ಹಾಸ್ಯ ಮಾಡಿದ್ದಾರೆ. ಆನೆ ತುಳಿದು ಸಾಯುತ್ತಿರುವವನ ಬರಹವಲ್ಲ ಅದು. ಪೆಟ್ಟು ತಿಂದು ಎದ್ದು ನಿಂತು, ಮತ್ತೆ ಕೆಲಸಕ್ಕೆ ತೊಡಗಿದ ಒಬ್ಬ ಪತ್ರಕರ್ತನ ಬರಹ. ಆನೆಯ ಕಥೆ ಬಾಯಿಂದ ಬಾಯಿಗೆ ಬಂದದ್ದು. ಈ ಲೇಖನ ಆ ತಿಂಗಳಲ್ಲಿಯೇ ಕವಿಯ ಕೈಯಿಂದ ಬಂದದ್ದು. ಎರಡರಲ್ಲಿ ಯಾವುದನ್ನು ಹೆಚ್ಚು ನಂಬಬೇಕೆಂಬುದು ಇತಿಹಾಸ ಓದುವ ವಿದ್ಯಾರ್ಥಿಗಳಾದ ನಮಗೆ ತಿಳಿಯದ್ದಲ್ಲ.

ಸೆಪ್ಟೆಂಬರಿನಲ್ಲಿ ಅವರಿಗೆ ಹೊಟ್ಟೆಯ ಬೇನೆ ಬಂತು. ಆಮಶಂಕೆ ಬಲವಾಯಿತು. ಇಂದು ನಮಗೆ ಈ ಕಾಯಿಲೆ ದೊಡ್ಡದೆನಿಸದು. ಉಪ್ಪು ಸಕ್ಕರೆ ಬೆರೆಸಿದ ನೀರು, ಗ್ಲೂಕೋಸು, ಮಾತ್ರೆಗಳು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೂ ದೊರೆಯುತ್ತವೆ. ಆದರೆ 1921ರಲ್ಲಿ ಆಂಟಿಬಯಾಟಿಕ್ ಔಷಧಗಳೇ ಇರಲಿಲ್ಲ. ಪೆನಿಸಿಲಿನ್ ಕಂಡುಹಿಡಿದದ್ದೇ 1928ರಲ್ಲಿ. ಮೈಯಿಂದ ನೀರೂ ಲವಣವೂ ಹೊರಟುಹೋದರೆ ಅದನ್ನು ತುಂಬಿಕೊಡುವ ಸುಲಭ ವಿಧಾನವೂ ಜನರಿಗೆ ತಿಳಿದಿರಲಿಲ್ಲ. ವರ್ಷಗಳ ಅರೆಹೊಟ್ಟೆ, ಸೆರೆಮನೆ, ಮೇಲೆ ಆನೆಯ ಪೆಟ್ಟು - ಇವುಗಳಿಂದ ಸೊರಗಿದ ದೇಹ ರೋಗವನ್ನು ತಡೆಯಲಾರದೆ ಹೋಯಿತು. ಸೆಪ್ಟೆಂಬರ್ 11ರ ರಾತ್ರಿ ಕಳೆದು, 12ರ ಬೆಳಗಿನ ಜಾವ ಸುಮಾರು ಒಂದೂವರೆ ಗಂಟೆಗೆ ಕವಿಗಳು ಕಣ್ಣು ಮುಚ್ಚಿದರು. ಆಗ ಅವರಿಗೆ ಮೂವತ್ತೊಂಬತ್ತು ವರ್ಷವೂ ತುಂಬಿರಲಿಲ್ಲ. ಅವರ ಅಂತ್ಯಯಾತ್ರೆಯಲ್ಲಿ ಇದ್ದವರು ಇಪ್ಪತ್ತು ಜನವೂ ಇರಲಿಲ್ಲವೆಂದು ಹೇಳುತ್ತಾರೆ.

ಹಾಗಾದರೆ ಆನೆಯ ಕಥೆಯೇ ಏಕೆ ಜನರ ನೆನಪಿನಲ್ಲಿ ನಿಂತಿತು? ನಮಗೆ ತೋರುವ ಕಾರಣ ಇದು. ಆಮಶಂಕೆಯಿಂದ ಸತ್ತರು ಎಂದರೆ, ಏಕೆ ಅಷ್ಟು ಸೊರಗಿದ್ದರು, ಏಕೆ ಯಾರೂ ನೋಡಿಕೊಳ್ಳಲಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಆನೆ ಕೊಂದಿತು ಎಂದರೆ ಯಾರನ್ನೂ ಕೇಳುವಂತಿಲ್ಲ. ಮೂಕಪ್ರಾಣಿಯ ತಲೆಯ ಮೇಲೆ ತಪ್ಪು ಹೊರಿಸಿ ಸುಮ್ಮನಾಗಬಹುದು. ಆದರೆ ಒಂದು ಸಂಗತಿಯನ್ನು ಮರೆಯಲಾಗದು. 1920ರಲ್ಲಿ ಕಡೆಯದಲ್ಲಿದ್ದಾಗ ಭಾರತಿಯವರು ತಮ್ಮ ಬರಹಗಳನ್ನೆಲ್ಲ 40 ಪುಸ್ತಕಗಳಾಗಿ, ಒಂದೊಂದನ್ನೂ 10,000 ಪ್ರತಿಗಳಂತೆ ಅಚ್ಚು ಹಾಕಿಸಲು ಯೋಜನೆ ಹಾಕಿದ್ದರು. ದಾನ ಕೇಳಲಿಲ್ಲ. ಬಡ್ಡಿ ಸಹಿತ ಹಿಂತಿರುಗಿಸುವೆನೆಂದು ತಲಾ ನೂರು ರೂಪಾಯಿ ಸಾಲ ಕೇಳಿ ಪರಿಚಿತರಿಗೆಲ್ಲ ಪತ್ರ ಕಳಿಸಿದರು. ಸೀಮೆಎಣ್ಣೆ, ಬೆಂಕಿಪೆಟ್ಟಿಗೆಗಳಷ್ಟು ಸುಲಭವಾಗಿ ತಮ್ಮ ಪುಸ್ತಕಗಳು ಮನೆಮನೆಗೆ ಹೋಗುವುವೆಂಬುದು ಅವರ ನಂಬಿಕೆಯಾಗಿತ್ತು. ಆ ಹಣ ಕೂಡಲಿಲ್ಲ. ಯೋಜನೆ ಕೈಗೂಡಲಿಲ್ಲ. ಆನೆಯ ಪೆಟ್ಟಿಗಿಂತ ಈ ಪೆಟ್ಟು ಆಳವಾದದ್ದೆಂದು ನಮಗೆ ತೋರುತ್ತದೆ.

ಅಭಿಮಾನ ತಡವಾಗಿಯಾದರೂ ಎಚ್ಚೆತ್ತಿತು ಎಂಬುದನ್ನೂ ಹೇಳಬೇಕು. ಮಂಡಯಂ ಶ್ರೀನಿವಾಸಾಚಾರಿಯವರ ಮಗಳು ಯದುಗಿರಿ ಅಮ್ಮಾಳ್ ಪಾಂಡಿಚೇರಿಯಲ್ಲಿ ಬಾಲಕಿಯಾಗಿ ಕವಿಯನ್ನು ಕಂಡ ದಿನಗಳನ್ನು ಬರೆದಿಟ್ಟರು; ಅದು 1954ರಲ್ಲಿ ಪುಸ್ತಕವಾಯಿತು. ಲೇಖಕ ಕಲ್ಕಿಯವರ ಕರೆಗೆ ಓಗೊಟ್ಟು ಜನರು ಹಣ ನೀಡಿದರು. ಎಟ್ಟಯಪುರದಲ್ಲಿ 1947ರಲ್ಲಿ ಸ್ಮಾರಕ ಮಂಟಪ ತೆರೆಯಿತು. ಅಷ್ಟರಲ್ಲಿ ಕವಿಯ ಹಾಡುಗಳ ಹಕ್ಕು ಖಾಸಗಿಯವರ ಕೈಯಲ್ಲಿತ್ತು. ಹಾಡಲೂ ಅಚ್ಚು ಹಾಕಲೂ ಅಪ್ಪಣೆ ಬೇಕಾಗಿತ್ತು. ಕವಿಯ ಮಾತು ಜನರ ಸೊತ್ತಾಗಬೇಕೆಂದು ಅಭಿಮಾನಿಗಳು ಒತ್ತಾಯಿಸಿದರು. 1949ರಲ್ಲಿ ಮದರಾಸು ಸರ್ಕಾರ ಆ ಹಕ್ಕನ್ನು ತಾನೇ ಪಡೆದುಕೊಂಡಿತು. ಈ ಕೆಲಸ ನಡೆದಾಗ ವಿದ್ಯಾಮಂತ್ರಿಗಳಾಗಿದ್ದವರು ತಿರುಪ್ಪೂರಿನಲ್ಲಿ ಹುಟ್ಟಿದ ಟಿ. ಎಸ್. ಅವಿನಾಶಿಲಿಂಗಂ ಚೆಟ್ಟಿಯಾರ್ ಅವರು. ಕೊಯಮತ್ತೂರಿನ ರಾಮಕೃಷ್ಣ ಮಿಷನ್ ವಿದ್ಯಾಲಯವನ್ನು ಸ್ಥಾಪಿಸಿದವರೂ ಅವರೇ. ಮುಂದೆ ಆ ಬರಹಗಳನ್ನು ಸರ್ಕಾರ ಸರ್ವರಿಗೂ ಮುಕ್ತಗೊಳಿಸಿತು. ಒಬ್ಬ ಲೇಖಕನ ಕೃತಿಗಳನ್ನು ಸರ್ಕಾರವೇ ಕೊಂಡು ಜನರಿಗೆ ಬಿಟ್ಟುಕೊಟ್ಟದ್ದು ಅಪರೂಪದ ಘಟನೆ. ಕವಿಯ ಜನ್ಮಶತಮಾನೋತ್ಸವದ 1982ರಲ್ಲಿ ಕೊಯಮತ್ತೂರಿನಲ್ಲಿ ಭಾರತಿಯಾರ್ ವಿಶ್ವವಿದ್ಯಾಲಯ ಹುಟ್ಟಿತು. 2021ರಲ್ಲಿ, ಅವರು ತೀರಿಕೊಂಡು ನೂರು ವರ್ಷವಾದಾಗ, ತಮಿಳುನಾಡು ಸರ್ಕಾರ ಸೆಪ್ಟೆಂಬರ್ 11ನ್ನು 'ಮಹಾಕವಿ ದಿನ' ಎಂದು ಸಾರಿತು. ನೂರು ರೂಪಾಯಿ ಸಾಲ ಹುಟ್ಟದ ಕವಿಯ ಹೆಸರಿನಲ್ಲಿ ಇಂದು ಒಂದು ವಿಶ್ವವಿದ್ಯಾಲಯವೇ ಇದೆ.

ಆನೆಯ ಕಥೆಯನ್ನು ಹೇಳಬಾರದೆಂದು ನಮ್ಮ ವಾದವಲ್ಲ. ಕುವಳೈ ಕೃಷ್ಣಮಾಚಾರಿಯವರ ಧೈರ್ಯಕ್ಕಾಗಿಯಾದರೂ ಅದನ್ನು ಹೇಳಬೇಕು. ಸಾವಿನ ಬಾಯಿಂದ ಒಬ್ಬ ಕವಿಯನ್ನು ಎತ್ತಿತಂದು, ನಾಡಿಗೆ ಇನ್ನಷ್ಟು ದಿನ ಉಳಿಸಿಕೊಟ್ಟವರು ಅವರು. ಆ ದಿನಗಳಲ್ಲಿಯೇ ಕರುಂಗಲ್‌ಪಾಳಯದ ಭಾಷಣವೂ ಆಯಿತು. ಆದ್ದರಿಂದ ಕಥೆಯನ್ನು ಪೂರ್ತಿಯಾಗಿ ಹೇಳೋಣ. ಆನೆ ಕೆಡವಿತು, ಗೆಳೆಯ ಎತ್ತಿದ, ಕವಿ ಗುಣವಾಗಿ ನಮ್ಮ ಸೀಮೆಗೆ ಬಂದು ಮಾತನಾಡಿದ, ಆಮೇಲೆ ರೋಗ ಬಂದು ತೀರಿಕೊಂಡ ಎಂದು ಹೇಳೋಣ.

ಪ್ರಿಯ ಸಹಪಾಠಿಗಳೇ, ನಮ್ಮ ನಡುವೆಯೂ ಬರೆಯುವವರು ಇದ್ದಾರೆ. ಅವರು ಕನ್ನಡದಲ್ಲಿ ಬರೆಯಲಿ, ತಮಿಳಿನಲ್ಲಿ ಬರೆಯಲಿ, ಅವರ ಒಂದು ಪುಸ್ತಕವನ್ನು ಕೊಂಡು ಓದೋಣ. ಓದಿದ್ದು ಹಿಡಿಸಿದರೆ ಒಂದು ಕಾಗದ ಬರೆದು ತಿಳಿಸೋಣ. ನಮ್ಮೂರಿನ ವಾಚನಾಲಯಕ್ಕೆ ಅವರನ್ನು ಕರೆಸಿ ನಾಲ್ಕು ಮಾತು ಕೇಳೋಣ. ಈರೋಡಿನ ಆ ಚಿಕ್ಕ ವಾಚನಾಲಯದವರು 1921ರಲ್ಲಿ ಮಾಡಿದ್ದೂ ಇಷ್ಟೇ. ಅದಕ್ಕಾಗಿಯೇ ಅವರ ಹೆಸರು ಇಂದಿಗೂ ಕವಿಯ ಚರಿತ್ರೆಯಲ್ಲಿ ಉಳಿದಿದೆ.