ಸ್ವಯಂಚಾಲಿತ ಗೇಟು ಬಡಿದು ಸೈಕಲ್ ಸವಾರನಿಗೆ ಗಾಯವಾದರೆ ಹೊಣೆ ಯಾರದು?

ಗುಂಡಿ ಒತ್ತಿದರೆ ತನ್ನಷ್ಟಕ್ಕೇ ತೆರೆದು ಮುಚ್ಚುವ ಗೇಟುಗಳು ಇಂದು ನಮ್ಮ ಕರಾವಳಿಯ ವಸತಿ ಸಮುಚ್ಚಯ, ಆಸ್ಪತ್ರೆ, ಶಾಲಾ ಕಾಲೇಜು ಮತ್ತಿತರ ಸಂಸ್ಥೆಗಳ ಆವರಣಗಳಲ್ಲಿ ಕಾಣಸಿಗುತ್ತವೆ. ಪತ್ರಿಕೆ ಹಂಚುವ ಹುಡುಗನೋ, ಶಾಲೆಗೆ ಹೋಗುವ ಮಗುವೋ ಸೈಕಲಿನಲ್ಲಿ ಒಳಬರುವಾಗ ಗೇಟು ಮುಚ್ಚಿಕೊಂಡು ಬಡಿದರೆ ಚಿಕಿತ್ಸೆಯ ಖರ್ಚು ಕೊಡುವವರು ಯಾರು? ‘ನೋಡಿಕೊಂಡು ಬರಬೇಕಿತ್ತು’ ಎಂದು ಹೇಳಿ ಕೈತೊಳೆದುಕೊಳ್ಳಬಹುದೇ? ಈ ಬಗ್ಗೆ ಕಾನೂನು ಏನು ಹೇಳುತ್ತದೆ ಎಂಬುದನ್ನು ಸರಳವಾಗಿ ತಿಳಿಸಲು ಇಲ್ಲಿ ಪ್ರಯತ್ನಿಸಿದ್ದೇವೆ.

ನೆರೆಯವನು ಎಂದರೆ ಯಾರು?

ನಿರ್ಲಕ್ಷ್ಯದಿಂದಾದ ಹಾನಿಗೆ ಪರಿಹಾರ ಕೇಳುವ ಹಕ್ಕು ನಮ್ಮ ದೇಶದಲ್ಲಿ ಬಹುಪಾಲು ನ್ಯಾಯಾಲಯಗಳ ತೀರ್ಪುಗಳಿಂದಲೇ ಬೆಳೆದು ಬಂದಿದೆ. ಇದಕ್ಕೆ ಅಡಿಗಲ್ಲಾದುದು 1932ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ನೀಡಿದ ‘ಡೊನೊಹ್ಯು ವಿರುದ್ಧ ಸ್ಟೀವನ್ಸನ್’ ತೀರ್ಪು. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಮಹಿಳೆಯೊಬ್ಬರು ಕುಡಿದ ಶುಂಠಿ ಪಾನೀಯದ ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತೆಂಬುದು ದೂರು. ಬಾಟಲಿಗೆ ಹಣ ಕೊಟ್ಟವರು ಅವರಲ್ಲ. ಆದರೂ ತಯಾರಕರಿಗೆ ಅವರ ಬಗ್ಗೆ ಎಚ್ಚರ ವಹಿಸುವ ಕರ್ತವ್ಯವಿದೆ ಎಂದು ನ್ಯಾಯಾಲಯ ಹೇಳಿತು. ಸಂತ ಲೂಕರ ಶುಭಸಂದೇಶದಲ್ಲಿ ದಯಾಳು ಸಮಾರಿಯದವನ ಸಾಮತಿಗೆ ಕಾರಣವಾದ ಪ್ರಶ್ನೆಯನ್ನೇ ನ್ಯಾಯಮೂರ್ತಿ ಲಾರ್ಡ್ ಆಟ್ಕಿನ್ ಎತ್ತಿಕೊಂಡು, ನಮ್ಮ ಕೆಲಸದಿಂದ ಯಾರಿಗೆ ಹಾನಿಯಾದೀತೆಂದು ನಾವು ಮುಂಚಿತವಾಗಿ ಊಹಿಸಬಹುದೋ ಅವರೇ ಕಾನೂನಿನ ಕಣ್ಣಿಗೆ ನಮ್ಮ ನೆರೆಯವರು ಎಂದು ವಿವರಿಸಿದರು. ಗೇಟಿನ ಮೂಲಕ ಬಂದು ಹೋಗುವ ಸೈಕಲ್ ಸವಾರನೂ ಈ ಅರ್ಥದಲ್ಲಿ ಗೇಟಿನ ಒಡೆಯರ ನೆರೆಯವನೇ.

ಭಾರತದ ತೀರ್ಪುಗಳು

ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1966ರಲ್ಲಿ ನಗರಸಭೆಯನ್ನೇ ಹೊಣೆ ಮಾಡಿತು. ಗೋಪುರಕ್ಕೆ ಸುಮಾರು 80 ವರ್ಷವಾಗಿತ್ತು, ಗಾರೆಯ ಆಯುಷ್ಯ 40-45 ವರ್ಷ ಮಾತ್ರ. ದೋಷ ಹೊರಗೆ ಕಾಣುತ್ತಿರಲಿಲ್ಲ ಎಂಬ ಸಮಜಾಯಿಷಿ ನಡೆಯಲಿಲ್ಲ. ರಸ್ತೆ ಬದಿಯ ಕಟ್ಟಡವನ್ನು ಕಾಲಕಾಲಕ್ಕೆ ಪರೀಕ್ಷಿಸುವುದು ಒಡೆಯರ ಕರ್ತವ್ಯ ಎಂದಿತು ನ್ಯಾಯಾಲಯ. ಅದೇ ದೆಹಲಿಯಲ್ಲಿ 1964ರಲ್ಲಿ ಸ್ಕೂಟರ್ ಸವಾರನೊಬ್ಬನ ತಲೆಯ ಮೇಲೆ ಬೇವಿನ ಕೊಂಬೆ ಬಿದ್ದು ಆತ ಮೃತಪಟ್ಟಾಗಲೂ ಪಾಲಿಕೆಯೇ ಹೊಣೆಯಾಯಿತು. ಆದರೆ ಸುಪ್ರೀಂ ಕೋರ್ಟಿನ ಅಂತಿಮ ತೀರ್ಪು ಬಂದದ್ದು 1999ರಲ್ಲಿ, 35 ವರ್ಷಗಳ ಬಳಿಕ.

ಗೇಟಿನಲ್ಲಿ ಅಪಾಯ ಎಲ್ಲಿದೆ?

ಗೇಟಿನ ಸೆನ್ಸರ್ ಕಿರಣ ಒಂದೇ ಎತ್ತರದಲ್ಲಿ ಒಂದೇ ಗೆರೆಯಲ್ಲಿ ಹಾಯುತ್ತದೆ. ಸೈಕಲಿನ ಮುಂದಿನ ಚಕ್ರ ಆ ಗೆರೆ ದಾಟಿದ ಮೇಲೂ ಸವಾರ ಗೇಟಿನ ದಾರಿಯಲ್ಲೇ ಇರಬಹುದು. ನೆಲದಡಿ ಹೂತ ತಂತಿಯ ಸುರುಳಿ ಕಾರನ್ನು ಗುರುತಿಸಿದಷ್ಟು ಸುಲಭವಾಗಿ ಸೈಕಲನ್ನು ಗುರುತಿಸದು. ಬ್ರಿಟನ್ನಿನಲ್ಲಿ 2010ರಲ್ಲಿ ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಪುಟ್ಟ ಬಾಲಕಿಯರು ಇಂತಹ ಗೇಟುಗಳಿಗೆ ಸಿಲುಕಿ ಮೃತಪಟ್ಟ ನಂತರ ಅಲ್ಲಿನ ಸುರಕ್ಷತಾ ಇಲಾಖೆ ಎಚ್ಚರಿಕೆ ಹೊರಡಿಸಿತು. ಜನ ಸಿಕ್ಕಿಕೊಳ್ಳಬಹುದಾದ ಕಿರಿದಾದ ಜಾಗದಲ್ಲಿ ಗೇಟಿನ ಒತ್ತಡ 400 ನ್ಯೂಟನ್, ಅಂದರೆ ಸುಮಾರು 40 ಕಿಲೋ ಭಾರವನ್ನು ಮೀರಬಾರದೆಂಬುದು ಯುರೋಪಿನ ಮಾನದಂಡ.

ದಾವೆ ಹೇಗೆ?

ಇಲ್ಲಿ ಮೋಟಾರು ವಾಹನ ಭಾಗಿಯಾಗಿಲ್ಲದ ಕಾರಣ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗಲಾಗದು. ಸಿವಿಲ್ ನ್ಯಾಯಾಲಯದಲ್ಲೇ ದಾವೆ ಹೂಡಬೇಕು. ಗಾಯಗೊಂಡವರು ಮೂರು ವಿಷಯಗಳನ್ನು ತೋರಿಸಬೇಕು: ಎಚ್ಚರ ವಹಿಸುವ ಕರ್ತವ್ಯ ಎದುರಾಳಿಗೆ ಇತ್ತು, ಅದನ್ನು ಅವರು ಪಾಲಿಸಲಿಲ್ಲ, ಅದರಿಂದಲೇ ಗಾಯವಾಯಿತು. ಸಂದರ್ಭಕ್ಕೆ ತಕ್ಕಂತೆ ಒಡೆಯರ ಜತೆಗೆ ಗೇಟು ಅಳವಡಿಸಿದವರು, ದುರಸ್ತಿಯ ಗುತ್ತಿಗೆದಾರರೂ ಪ್ರತಿವಾದಿಗಳಾಗಬಹುದು. ವಾಚ್‌ಮನ್ ಕೆಲಸದ ವೇಳೆ ಅಜಾಗರೂಕತೆಯಿಂದ ಗುಂಡಿ ಒತ್ತಿದ್ದರೆ ಆತನನ್ನು ನೇಮಿಸಿಕೊಂಡವರೂ ಉತ್ತರಿಸಬೇಕಾಗುತ್ತದೆ.

ಸವಾರ ಮುಚ್ಚುತ್ತಿದ್ದ ಗೇಟಿನೊಳಗೆ ನುಗ್ಗಿದ್ದರೆ ಅವನ ತಪ್ಪಿನ ಪಾಲಿಗೆ ತಕ್ಕಂತೆ ಪರಿಹಾರದ ಮೊತ್ತ ಇಳಿಯುತ್ತದೆ. ಆದರೆ ಮಗುವಿನಿಂದ ದೊಡ್ಡವರಷ್ಟೇ ಜಾಗ್ರತೆಯನ್ನು ನ್ಯಾಯಾಲಯ ನಿರೀಕ್ಷಿಸುವುದಿಲ್ಲ. ದಾವೆಗೆ ಕಾಲಮಿತಿಯಿದೆ, ಆದ್ದರಿಂದ ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ಬಿಲ್ಲು, ಸ್ಥಳದ ಫೋಟೋ, ಸಿಸಿಟಿವಿ ದೃಶ್ಯ ಇವುಗಳನ್ನು ಕೂಡಲೇ ಸಂಗ್ರಹಿಸಿ ವಕೀಲರನ್ನು ಕಾಣುವುದು ಒಳ್ಳೆಯದು. ಇದಲ್ಲದೆ, ಪರರ ಜೀವಕ್ಕೆ ಅಪಾಯ ತರುವ ನಿರ್ಲಕ್ಷ್ಯ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನಡಿ ಅಪರಾಧವೂ ಹೌದು.

ಗೇಟು ಹೊಂದಿರುವವರಿಗೆ

‘ಸ್ವಂತ ಜವಾಬ್ದಾರಿಯಲ್ಲಿ ಪ್ರವೇಶಿಸಿ’ ಎಂಬ ಫಲಕ ತೂಗುಹಾಕಿದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ಸೆನ್ಸರನ್ನು ಕಾರಿನಿಂದ ಮಾತ್ರವಲ್ಲ, ಸೈಕಲಿನಿಂದಲೂ ಪರೀಕ್ಷಿಸಬೇಕು. ಅಡ್ಡ ಸಿಕ್ಕಿದರೆ ಗೇಟು ಹಿಂದಕ್ಕೆ ಸರಿಯುವಂತಿರಬೇಕು. ಸಾಧ್ಯವಿದ್ದಲ್ಲಿ ನಡೆದು ಬರುವವರಿಗೆ ಮತ್ತು ಸೈಕಲಿನವರಿಗೆ ಬೇರೆ ಚಿಕ್ಕ ಗೇಟು ಇಡಬೇಕು. ಸರ್ವೀಸ್ ಮಾಡಿಸಿದ ದಿನಾಂಕವನ್ನು ಪುಸ್ತಕದಲ್ಲಿ ಬರೆದಿಡಬೇಕು. ಕೆಟ್ಟ ಗೇಟನ್ನು ದುರಸ್ತಿಯಾಗುವವರೆಗೆ ಕೈಯಿಂದಲೇ ತೆರೆದು ಮುಚ್ಚಬೇಕು.

ಇಷ್ಟಾದರೂ ಅವಘಡ ಸಂಭವಿಸಿದರೆ, ಗಾಯಾಳುವನ್ನು ವರ್ಷಗಟ್ಟಲೆ ಕೋರ್ಟಿಗೆ ಅಲೆಸದೆ ಚಿಕಿತ್ಸೆಯ ವೆಚ್ಚವನ್ನು ಮೊದಲು ಭರಿಸಿ, ಉಳಿದುದನ್ನು ಮಾತುಕತೆಯಿಂದಲೋ ಲೋಕ ಅದಾಲತ್ ಮೂಲಕವೋ ಬಗೆಹರಿಸಿಕೊಳ್ಳಬೇಕೆಂಬುದು ಧರ್ಮಕೇಂದ್ರಗಳ ಹಾಗೂ ಸಂಸ್ಥೆಗಳ ಜವಾಬ್ದಾರಿ ಹೊತ್ತವರಲ್ಲಿ ನಮ್ಮ ವಿನಂತಿ.