ಗುಂಪಿಗೆ ಹಾಕಿದ ಮೇಲ್ ಎಲ್ಲಿ ಮಾಯ?

ಮಂಗಳೂರಿನ ಮನೆಗಳಲ್ಲಿ ಒಬ್ಬರಾದರೂ ದುಬೈಯಲ್ಲೋ ಮಸ್ಕತ್ತಿನಲ್ಲೋ ಇರುವುದು ಮಾಮೂಲು. ವಾಟ್ಸ್‌ಆ್ಯಪ್ ಬರುವ ಮೊದಲು ಇಂಥವರನ್ನೆಲ್ಲ ಊರಿನ ಜೊತೆ ಬೆಸೆದದ್ದು ಮೇಲಿಂಗ್ ಲಿಸ್ಟ್. ಒಂದು ವಿಳಾಸಕ್ಕೆ ಬರೆದರೆ ಸಾಕು, ಎಲ್ಲರಿಗೂ ಹೋಗುತ್ತದೆ. ಹಳೆ ವಿದ್ಯಾರ್ಥಿ ಸಂಘದ ಮಹಾಸಭೆಯ ನೋಟಿಸು, ಲೆಕ್ಕಪತ್ರ ಈಗಲೂ ಹೀಗೆ ಹೋಗುವುದುಂಟು. ಆದರೆ ‘ನಾನು ಕಳಿಸಿದ್ದೇನೆ’ ಅಂತ ಕಾರ್ಯದರ್ಶಿ, ‘ನನಗೆ ಬಂದೇ ಇಲ್ಲ’ ಅಂತ ಸದಸ್ಯರು! ಇಬ್ಬರೂ ಸುಳ್ಳು ಹೇಳುತ್ತಿಲ್ಲ ಮಾರಾಯ್ರೆ.

ಇಮೇಲ್‌ನಲ್ಲಿ ‘ಇಂಥವರಿಂದ’ ಎಂಬ ಜಾಗದಲ್ಲಿ ಯಾರು ಯಾರ ಹೆಸರನ್ನೂ ಬರೆಯಬಹುದು. ಬ್ಯಾಂಕಿನ ಹೆಸರಲ್ಲಿ ವಂಚನೆ ನಡೆಯುವುದು ಹೀಗೇ. ಇದನ್ನು ತಡೆಯಲು ಮೂರು ಕಾವಲುಗಳಿವೆ. ಎಸ್‌ಪಿಎಫ್, ಮೇಲ್ ಸರಿಯಾದ ಸರ್ವರ್‌ನಿಂದ ಹೊರಟಿದೆಯೇ ಎಂದು ನೋಡುತ್ತದೆ. ಡಿಕೆಐಎಂ ಅಂದರೆ ಲಕೋಟೆಯ ಅರಗಿನ ಮುದ್ರೆ ಇದ್ದಂತೆ. ಒಳಗಿನದ್ದು ಬದಲಾದರೆ ಮುದ್ರೆ ಒಡೆಯುತ್ತದೆ. ಎರಡೂ ತಾಳೆಯಾಗದಿದ್ದರೆ ಮೇಲನ್ನು ಏನು ಮಾಡಬೇಕೆಂದು ಹೇಳುವುದು ಡಿಮಾರ್ಕ್: ಬಿಡಿ, ಸ್ಪ್ಯಾಮ್‌ಗೆ ಹಾಕಿ, ಇಲ್ಲವೇ ತಿರಸ್ಕರಿಸಿ.

ಮೇಲಿಂಗ್ ಲಿಸ್ಟ್ ಸಿಕ್ಕಿಬಿದ್ದದ್ದು ಇಲ್ಲೇ. ನಿಮ್ಮ ಮೇಲನ್ನು ಅದು ತನ್ನ ಸರ್ವರ್‌ನಿಂದ ಹಂಚುತ್ತದೆ. ವಿಷಯದ ಸಾಲಿಗೆ ಗುಂಪಿನ ಹೆಸರು, ಕೊನೆಗೆ ಎರಡು ಸಾಲು ಸೇರಿಸುತ್ತದೆ. ಸರ್ವರ್ ಬೇರೆಯಾಯ್ತು, ಮುದ್ರೆಯೂ ಒಡೆಯಿತು. 2014ರ ಏಪ್ರಿಲ್‌ನಲ್ಲಿ ಯಾಹೂ ‘ತಿರಸ್ಕರಿಸಿ’ ಎಂಬ ನಿಯಮ ತಂದಾಗ ಜಗತ್ತಿನಾದ್ಯಂತ ಲಿಸ್ಟ್‌ಗಳು ಕಂಗಾಲಾದವು. ವಿಚಿತ್ರವೆಂದರೆ, ಯಾಹೂ ಸದಸ್ಯರು ಬರೆದರೆ ಪೆಟ್ಟು ಬಿದ್ದದ್ದು ಜಿಮೇಲ್ ಸದಸ್ಯರಿಗೆ! ಮೇಲ್ ಮತ್ತೆ ಮತ್ತೆ ವಾಪಸಾದ್ದರಿಂದ, ‘ಈ ವಿಳಾಸ ಕೆಟ್ಟಿದೆ’ ಎಂದು ಲಿಸ್ಟ್ ಅವರನ್ನೇ ಕೈಬಿಟ್ಟಿತು.

2024ರ ಫೆಬ್ರವರಿಯಿಂದ, ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಜಿಮೇಲ್ ಈ ಮೂರನ್ನೂ ಕಡ್ಡಾಯ ಮಾಡಿದೆ. ನಮ್ಮ ಸಣ್ಣ ಸಂಘಗಳು ಆ ಲೆಕ್ಕಕ್ಕೆ ಬರುವುದಿಲ್ಲ, ಆದರೂ ಸದಸ್ಯರ ವಿಳಾಸದ ನಿಯಮ ಬಿಗಿಯಾಗಿದ್ದರೆ ತೊಂದರೆ ತಪ್ಪಿದ್ದಲ್ಲ.

ಪರಿಹಾರ ಇದೆ. ಲಿಸ್ಟ್ ನಡೆಸುವವರು ಮೇಲಿಗೆ ಏನನ್ನೂ ಸೇರಿಸದೆ ಬಿಡಬಹುದು. ಇಲ್ಲವೇ, ಬರೆದವರ ವಿಳಾಸದ ಬದಲು ಗುಂಪಿನ ವಿಳಾಸ ಕಾಣುವಂತೆ ಮಾಡಬಹುದು. ಎರಡನೆಯದರಲ್ಲಿ ಒಂದು ಅಪಾಯ ಉಂಟು: ಒಬ್ಬರಿಗೇ ಅಂತ ಬರೆದ ಉತ್ತರ ಇಡೀ ಗುಂಪಿಗೆ ಹೋದೀತು. ಹಾಗಾಗಿ ಕಳಿಸುವ ಮೊದಲು ವಿಳಾಸ ನೋಡಿಕೊಳ್ಳಿ. ಸ್ಪ್ಯಾಮ್ ಪೆಟ್ಟಿಗೆಯನ್ನು ವಾರಕ್ಕೊಮ್ಮೆ ತೆರೆಯಿರಿ. ತುಂಬಾ ದಿನದಿಂದ ಗುಂಪು ಸದ್ದಿಲ್ಲವೆಂದರೆ, ನಿಮ್ಮ ಹೆಸರು ಪಟ್ಟಿಯಲ್ಲಿ ಇದೆಯೇ ಅಂತ ಒಂದು ಫೋನ್ ಮಾಡಿ ಕೇಳಿ. ಮಹಾಸಭೆ ಮುಗಿದ ಮೇಲೆ ಜಗಳ ಮಾಡುವುದಕ್ಕಿಂತ ಅದು ಸುಲಭ.