ಯುದ್ಧಕಾಲದ ಸೇನಾ ವಾರ್ತಾಧಿಕಾರಿಗಳು: ಸೇವೆಯ ಸ್ವರೂಪ ಹಾಗೂ ದಾಖಲೆ ಕೋರುವ ಕ್ರಮ

ರಿಪ್ಪನ್‌ಪೇಟೆ, ಹೊಸನಗರ, ಸಾಗರ ಮತ್ತು ತೀರ್ಥಹಳ್ಳಿ ಭಾಗದ ಸಾರ್ವಜನಿಕರ ಮಾಹಿತಿಗಾಗಿ ಈ ಲೇಖನವನ್ನು ಸಿದ್ಧಪಡಿಸಲಾಗಿದೆ. ಕುಟುಂಬದ ಹಿರಿಯರು ಯುದ್ಧಕಾಲದಲ್ಲಿ ಹೊರದೇಶದಲ್ಲಿ ಸಲ್ಲಿಸಿದ ಸೇವೆಯ ದಾಖಲೆ ಕೋರುವವರಿಗೆ ಒಂದು ಸಂದೇಹ ಬರುವುದು ಸಹಜ: ಬಂದೂಕು ಹಿಡಿಯದೆ ಬರವಣಿಗೆಯ ಕೆಲಸದಲ್ಲಿದ್ದವರ ಸೇವೆಯು ಸೇನಾ ಸೇವೆ ಎನಿಸಿಕೊಳ್ಳುವುದೇ? ಇದಕ್ಕೆ ಉತ್ತರವು ಅವರ ನೇಮಕಾತಿ ಆದೇಶದಲ್ಲಿರುತ್ತದೆ.

ಹಿನ್ನೆಲೆ

ಎರಡನೆಯ ಮಹಾಯುದ್ಧದ (1939-1945) ಅಂತ್ಯಕ್ಕೆ ಭಾರತೀಯ ಸೇನೆಯ ಬಲವು 25 ಲಕ್ಷವನ್ನು ಮೀರಿತ್ತು. ಉತ್ತರ ಆಫ್ರಿಕ, ಇಟಲಿ, ಬರ್ಮಾ ಮುಂತಾದೆಡೆ ಹೋರಾಡುತ್ತಿದ್ದ ಸೈನಿಕರ ಸುದ್ದಿಯನ್ನು ಪತ್ರಿಕೆಗಳಿಗೂ ಜನತೆಗೂ ತಲುಪಿಸಲು ಸೇನಾ ಪ್ರಧಾನ ಕಚೇರಿಯಲ್ಲಿ ಸಾರ್ವಜನಿಕ ಸಂಪರ್ಕ ನಿರ್ದೇಶನಾಲಯವು ಕಾರ್ಯನಿರ್ವಹಿಸುತ್ತಿತ್ತು. ಅನುಭವಿ ಪತ್ರಕರ್ತರನ್ನು ಈ ಕಾರ್ಯಕ್ಕೆ ಸೇನಾಧಿಕಾರಿಗಳಾಗಿ ತೆಗೆದುಕೊಳ್ಳಲಾಯಿತು. ಆಫ್ರಿಕದ ಯುದ್ಧವನ್ನು ಕುರಿತ ‘ದಿ ಟೈಗರ್ ಕಿಲ್ಸ್’ (1944) ಈ ನಿರ್ದೇಶನಾಲಯವು ಹೊರತಂದ ಪುಸ್ತಕಗಳಲ್ಲೊಂದು.

ರಣರಂಗದಿಂದ ಬರೆಯುತ್ತಿದ್ದವರಲ್ಲಿ ಎರಡು ವರ್ಗಗಳಿದ್ದವು.

1. ಯುದ್ಧ ವರದಿಗಾರರು: ಇವರು ಪತ್ರಿಕೆಯ ನೌಕರರು. ಸೇನೆಯು ಇವರಿಗೆ ಮಾನ್ಯತೆ ನೀಡುತ್ತಿತ್ತು. ವೇತನವನ್ನು ಪತ್ರಿಕೆಯೇ ಕೊಡುತ್ತಿತ್ತು.
2. ಸೇನಾ ವಾರ್ತಾಧಿಕಾರಿಗಳು: ಇವರು ಸೇನಾ ನೇಮಕಾತಿ, ಹುದ್ದೆ ಹಾಗೂ ಸೇವಾ ಸಂಖ್ಯೆ ಹೊಂದಿದ್ದು, ಸೇನಾ ಶಿಸ್ತಿಗೆ ಒಳಪಟ್ಟವರು. ಇವರ ಸೇವೆಯು ಸೇನಾ ಸೇವೆಯೇ ಆಗಿರುತ್ತದೆ.

ಕರ್ನಲ್ ಉಣ್ಣಿ ನಾಯರ್

ಈ ವ್ಯತ್ಯಾಸವನ್ನು ತಿಳಿಯಲು ನೆರೆಯ ಕೇರಳದ ಪಾಲಕ್ಕಾಡ್ ಪ್ರದೇಶದ ಪರಳಿಯವರಾದ ಎಂ. ಕೆ. ಉಣ್ಣಿ ನಾಯರ್ (1911-1950) ಅವರ ನಿದರ್ಶನವು ಉಪಯುಕ್ತವಾಗಿದೆ. ಪತ್ರಕರ್ತರಾಗಿದ್ದ ಇವರು ಮಹಾಯುದ್ಧದಲ್ಲಿ ಸೇನೆಯ ಸಾರ್ವಜನಿಕ ಸಂಪರ್ಕಾಧಿಕಾರಿಯಾಗಿ ಸಾಗರೋತ್ತರ ಸೇವೆ ಸಲ್ಲಿಸಿದರು. 1950ರ ಜೂನ್ 25ರಂದು ಕೊರಿಯಾ ಯುದ್ಧ ಆರಂಭವಾದ ಬಳಿಕ, ವಿಶ್ವಸಂಸ್ಥೆಯ ಕೊರಿಯಾ ಆಯೋಗದಲ್ಲಿ ಭಾರತದ ಪರ್ಯಾಯ ಪ್ರತಿನಿಧಿಯಾಗಿ ಅಲ್ಲಿ ಕಾರ್ಯನಿರ್ವಹಿಸಿದರು.

1950ರ ಆಗಸ್ಟ್ 12ರಂದು ವೇಗ್ವಾನ್ ಸಮೀಪ ಇವರು ಪ್ರಯಾಣಿಸುತ್ತಿದ್ದ ಜೀಪು ನೆಲಬಾಂಬಿಗೆ ಸಿಲುಕಿತು. ಉಣ್ಣಿ ನಾಯರ್ ಅವರೊಂದಿಗೆ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯ ಇಯಾನ್ ಮಾರಿಸನ್ ಹಾಗೂ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಯ ಕ್ರಿಸ್ಟೊಫರ್ ಬಕ್ಲಿ ಅವರೂ ಮೃತಪಟ್ಟರು. ಮೂವರೂ ಬರವಣಿಗೆಯನ್ನು ವೃತ್ತಿಯಾಗಿ ಆರಿಸಿಕೊಂಡವರು. ಮೂವರನ್ನೂ ಬಲಿ ತೆಗೆದುಕೊಂಡ ಬಾಂಬು ಒಂದೇ. ಆದರೆ ಇಬ್ಬರು ಪತ್ರಿಕೆಯ ಪರವಾಗಿ ಹೋದವರು, ಒಬ್ಬರು ದೇಶದ ಪರವಾಗಿ ಹೋದವರು. ಆದ್ದರಿಂದ ಅವರ ಕಾಗದಪತ್ರಗಳು ಬೇರೆ ಬೇರೆ ಕಡೆ ಉಳಿದಿರುತ್ತವೆ. ಉಣ್ಣಿ ನಾಯರ್ ಅವರ ಸ್ಮಾರಕವು ದಕ್ಷಿಣ ಕೊರಿಯಾದ ಡೇಗು ನಗರದಲ್ಲಿದೆ. ಅವರ ಪತ್ನಿ ವಿಮಲಾ ನಾಯರ್ ಅವರು 2011ರಲ್ಲಿ ನಿಧನರಾದ ನಂತರ ಅವರ ಚಿತಾಭಸ್ಮವನ್ನೂ ಅಲ್ಲಿಯೇ ಇರಿಸಲಾಯಿತು.

ಕ್ಯಾಪ್ಟನ್ ಪಿ. ಆರ್. ಎಸ್. ಮಣಿ

ಮತ್ತೊಬ್ಬ ವಾರ್ತಾಧಿಕಾರಿ ಕ್ಯಾಪ್ಟನ್ ಮಣಿ ಅವರು 1945ರ ಕೊನೆಯಲ್ಲಿ ಇಂಡೊನೇಷ್ಯಾದ ಸುರಬಾಯದಲ್ಲಿದ್ದರು. ಅಲ್ಲಿಗೆ ಕಳುಹಿಸಲಾಗಿದ್ದ 49ನೇ ಭಾರತೀಯ ಪದಾತಿ ಬ್ರಿಗೇಡಿನಲ್ಲಿ ನಮ್ಮ ಬೆಳಗಾವಿಯಲ್ಲಿ ಕೇಂದ್ರ ಹೊಂದಿರುವ ಮರಾಠಾ ಪದಾತಿ ದಳದ ತುಕಡಿಗಳೂ ಇದ್ದವು. ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಜನರ ಎದುರು, ಇನ್ನೂ ಸ್ವಾತಂತ್ರ್ಯ ಪಡೆಯದ ದೇಶದ ಸೈನಿಕರು ನಿಂತಿದ್ದರು. ಸೇನೆಯ ಹೇಳಿಕೆಯನ್ನು ಬರೆಯಬೇಕಾದ ಅಧಿಕಾರಿಗೆ ಇದು ಕಠಿಣ ಪರೀಕ್ಷೆಯಾಗಿತ್ತು. ಮಣಿ ಅವರು ತರುವಾಯ ಸೇನೆಯನ್ನು ಬಿಟ್ಟು, ಮುಂಬಯಿಯ ‘ಫ್ರೀ ಪ್ರೆಸ್ ಜರ್ನಲ್’ ಪತ್ರಿಕೆಗೆ ಇಂಡೊನೇಷ್ಯಾದಿಂದಲೇ ವರದಿ ಮಾಡಿದರು. ಒಬ್ಬ ವ್ಯಕ್ತಿಯೇ ಒಂದು ಅವಧಿಯಲ್ಲಿ ಸೇನಾಧಿಕಾರಿಯಾಗಿ, ಮತ್ತೊಂದು ಅವಧಿಯಲ್ಲಿ ವರದಿಗಾರರಾಗಿ ಇದ್ದಿರಬಹುದೆಂಬುದು ಇದರಿಂದ ತಿಳಿದುಬರುತ್ತದೆ. ಆದ್ದರಿಂದ ಅರ್ಜಿಯಲ್ಲಿ ಸೇವೆಯ ಅವಧಿಯನ್ನು ಸ್ಪಷ್ಟವಾಗಿ ನಮೂದಿಸುವುದು ಅವಶ್ಯ.

ದಾಖಲೆ ಕೋರುವವರು ಗಮನಿಸಬೇಕಾದ ಅಂಶಗಳು

1. ಮೊದಲು ಮನೆಯಲ್ಲಿರುವ ಆಧಾರಗಳನ್ನು ಒಟ್ಟುಗೂಡಿಸುವುದು: ಬಿಡುಗಡೆ ಪತ್ರ, ವೇತನ ಪುಸ್ತಕ, ಪದಕ, ಸಮವಸ್ತ್ರದ ಛಾಯಾಚಿತ್ರ ಹಾಗೂ ಹಳೆಯ ಪತ್ರಗಳು. ಪದಕದ ಅಂಚಿನಲ್ಲಿ ಕೆತ್ತಿದ ಹೆಸರು, ಸಂಖ್ಯೆಗಳನ್ನೂ ಲಕೋಟೆಯ ಮೇಲಿನ ಸೇನಾ ಅಂಚೆ ಕಚೇರಿಯ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳುವುದು. ಸೇವಾ ಸಂಖ್ಯೆಯ ಮುಂದಿರುವ ಅಕ್ಷರಗಳನ್ನು ಬಿಡಬಾರದು.
2. ಈ ಆಧಾರಗಳೊಂದಿಗೆ ಶಿವಮೊಗ್ಗದಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು. ಮೂಲ ಪತ್ರಗಳನ್ನು ತಮ್ಮಲ್ಲಿಯೇ ಇರಿಸಿಕೊಂಡು ನಕಲುಗಳನ್ನು ಮಾತ್ರ ಸಲ್ಲಿಸುವುದು ಸೂಕ್ತ.
3. ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಕೇಂದ್ರ ಸರ್ಕಾರದ ಕಚೇರಿಗಳಿಗೆ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಅರ್ಜಿಯನ್ನು ಕನ್ನಡದಲ್ಲಿಯೂ ಬರೆಯಬಹುದು. ಕೋರಿದ ದಾಖಲೆಯು ಬೇರೆ ಪ್ರಾಧಿಕಾರದಲ್ಲಿದ್ದಲ್ಲಿ, 6(3)ನೇ ಪ್ರಕರಣದಂತೆ ಅರ್ಜಿಯನ್ನು ಐದು ದಿನಗಳೊಳಗೆ ಅಲ್ಲಿಗೆ ವರ್ಗಾಯಿಸತಕ್ಕದ್ದು.
4. ಯುದ್ಧದಲ್ಲಿ ಮಡಿದವರ ಹೆಸರನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಜಾಲತಾಣದಲ್ಲಿ ಶುಲ್ಕವಿಲ್ಲದೆ ಹುಡುಕಬಹುದು. ಎರಡನೆಯ ಮಹಾಯುದ್ಧಕ್ಕೆ ಸಂಬಂಧಿಸಿದಂತೆ ಈ ಪಟ್ಟಿಯ ಅವಧಿಯು 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಮಾತ್ರ. 1950ರಲ್ಲಿ ಮಡಿದ ಉಣ್ಣಿ ನಾಯರ್ ಅವರಂಥವರು ಇದರ ವ್ಯಾಪ್ತಿಗೆ ಬರುವುದಿಲ್ಲ.
5. ಹಿರಿಯರು ಪತ್ರಿಕೆಯ ವರದಿಗಾರರಾಗಿ ಮಾತ್ರ ಹೋಗಿದ್ದಲ್ಲಿ ಸೇನೆಯಲ್ಲಿ ಸೇವಾ ದಾಖಲೆ ಇರುವುದಿಲ್ಲ. ಆ ಪತ್ರಿಕೆಯ ಹಳೆಯ ಸಂಚಿಕೆಗಳನ್ನೂ ರಾಷ್ಟ್ರೀಯ ಪತ್ರಾಗಾರದ ಕಡತಗಳನ್ನೂ ಪರಿಶೀಲಿಸುವುದು ಉಚಿತ.

ಒಂದು ಪಟ್ಟಿಯಲ್ಲಿ ಹೆಸರು ಕಾಣದಿದ್ದ ಮಾತ್ರಕ್ಕೆ ಸೇವೆಯೇ ಸಲ್ಲಿಸಿಲ್ಲವೆಂದು ಭಾವಿಸಬೇಕಾಗಿಲ್ಲ. ಊರಿನವರಿಗೆ ಸೈನಿಕರ ಕ್ಷೇಮವಾರ್ತೆ ತಲುಪಿಸಲು ದುಡಿದವರ ವಾರ್ತೆಯು ಅವರ ಮನೆಯವರಿಗೇ ದೊರೆಯದೆ ಹೋಗಬಾರದು. ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಪ್ರಯೋಜನವನ್ನು ಪಡೆದುಕೊಳ್ಳಲು ಕೋರಲಾಗಿದೆ.